ಬಾನಾಡಿಗಳ ಬಂಧು

ಅಕ್ಟೋಬರ್ 4ರಂದು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವನ್ನು ಆಚರಿಸುವಾಗ, ಹಕ್ಕಿಗಳಿಗೆ ಉಪದೇಶ ನೀಡುತ್ತಿರುವ ಅವರ ಚಿತ್ರ ನಮ್ಮ ಕಣ್ಣ ಮುಂದೆ ಸುಳಿಯುತ್ತದೆ. ಆದರೆ ಒಂದು ಕಾಲದಲ್ಲಿ ಅದೇ ಫ್ರಾನ್ಸಿಸರಿಗೆ ಪ್ರಕೃತಿಯ ಸೊಬಗು ಯಾವ ಸಂತೋಷವನ್ನೂ ನೀಡಲಿಲ್ಲ ಎಂಬುದನ್ನು ನಾವು ಗಮನಿಸುವುದಿಲ್ಲ.

ಇಟಲಿಯ ಅಸ್ಸಿಸಿ ನಗರದಲ್ಲಿ ಸುಮಾರು 1181ರಲ್ಲಿ ಶ್ರೀಮಂತ ಬಟ್ಟೆ ವ್ಯಾಪಾರಿಯ ಮಗನಾಗಿ ಅವರು ಜನಿಸಿದರು. 1202ರಲ್ಲಿ ಪೆರೂಜಾ ನಗರದೊಡನೆ ನಡೆದ ಕಾಳಗದಲ್ಲಿ ಸೆರೆಸಿಕ್ಕು, ಸುಮಾರು ಒಂದು ವರ್ಷ ಬಂದಿಯಾಗಿದ್ದರು. ತರುವಾಯ ದೀರ್ಘ ಕಾಯಿಲೆ. ಚೇತರಿಸಿಕೊಂಡು ಕೋಲೂರುತ್ತಾ ಹೊರಬಂದಾಗ ಹೊಲಗಳೂ ದ್ರಾಕ್ಷಿತೋಟಗಳೂ ಮೊದಲಿನಂತೆಯೇ ಇದ್ದವು; ಅವರ ಮನಸ್ಸು ಮಾತ್ರ ಅರಳಲಿಲ್ಲ.

1206ರಲ್ಲಿ ಧರ್ಮಾಧ್ಯಕ್ಷರ ಸಮ್ಮುಖದಲ್ಲಿ ತೊಟ್ಟ ಉಡುಪನ್ನೂ ತಂದೆಗೆ ಹಿಂತಿರುಗಿಸಿ ಅವರು ಬರಿಗೈಯವರಾದರು. ಯಾವುದನ್ನೂ ತನ್ನದೆನ್ನದ ಆ ಬಡವನಿಗೆ ಎಲ್ಲವೂ ಒಡಹುಟ್ಟಾಯಿತು. ದಾರಿಯಲ್ಲಿ ಕಂಡ ಹುಳುವನ್ನು ಯಾರೂ ತುಳಿಯದಿರಲೆಂದು ಬದಿಗೆ ಇರಿಸುತ್ತಿದ್ದರು. ಚಳಿಗಾಲದಲ್ಲಿ ಜೇನ್ನೊಣಗಳಿಗೆ ಜೇನು ಇಡಿಸುತ್ತಿದ್ದರು. ತೋಟದಲ್ಲಿ ತರಕಾರಿಯನ್ನಷ್ಟೇ ಬೆಳೆಯದೆ ಒಂದಿಷ್ಟು ನೆಲವನ್ನು ಹೂಗಳಿಗೂ ಬಿಡಿಸುತ್ತಿದ್ದರು. ಲಾರ್ಕ್ ಎಂಬ ಪುಟ್ಟ ಬಾನಾಡಿ ಅವರಿಗೆ ಅಚ್ಚುಮೆಚ್ಚು; ಅದರ ಮಣ್ಣಿನ ಬಣ್ಣದ ಗರಿಗಳಲ್ಲಿ ಅವರು ಸನ್ಯಾಸಿಯ ಬಡ ನಿಲುವಂಗಿಯನ್ನು ಕಂಡರು. ಕ್ರಿಸ್ಮಸ್ ದಿನ ದಾರಿಗಳಲ್ಲಿ ಕಾಳು ಚೆಲ್ಲಿ ಈ ಹಕ್ಕಿಗಳಿಗೂ ಹಬ್ಬವಾಗಿಸುವಂತೆ ಚಕ್ರವರ್ತಿಯೇ ಶಾಸನ ಹೊರಡಿಸಬೇಕೆಂಬುದು ಅವರ ಹಂಬಲವಾಗಿತ್ತು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಇದರಿಂದ ನಮಗೇನು ಪ್ರಯೋಜನ ಎಂದು ಕೇಳುವ ದೃಷ್ಟಿಗೆ ಪ್ರಯೋಜನವಷ್ಟೇ ಕಾಣುತ್ತದೆ, ಹಕ್ಕಿ ಕಾಣುವುದಿಲ್ಲ. ಒಡೆತನದ ಆಸೆ ಕಳಚಿದಾಗ ವಸ್ತುವು ತನ್ನ ನಿಜರೂಪದಲ್ಲಿ, ದೇವರ ಕೊಡುಗೆಯಾಗಿ ಗೋಚರಿಸುತ್ತದೆ.

ಆದರೆ ಕಣ್ಣೇ ಹೋದರೆ? ಫ್ರಾನ್ಸಿಸರಿಗೆ ಆ ಪರೀಕ್ಷೆಯೂ ಒದಗಿತು. 1225ರಲ್ಲಿ ಅವರು ಸಾನ್ ದಮಿಯಾನೊದಲ್ಲಿ ಕಣ್ಣಿನ ರೋಗದಿಂದ ಮಲಗಿದ್ದರು. ಹಗಲಿನ ಬೆಳಕೂ ದೀಪದ ಬೆಳಕೂ ಸಹಿಸಲಾಗುತ್ತಿರಲಿಲ್ಲ. ರಾತ್ರಿಯೆಲ್ಲ ಇಲಿಗಳ ಕಾಟ. ಆ ಕತ್ತಲೆಯಲ್ಲಿಯೇ ಸೂರ್ಯನನ್ನು ಅಣ್ಣನೆಂದೂ ನೀರನ್ನು ಅಕ್ಕನೆಂದೂ ಕರೆದು ದೇವರನ್ನು ಕೊಂಡಾಡುವ ಗೀತೆಯನ್ನು ರಚಿಸಿದರು. ತಮ್ಮನ್ನು ನೋಯಿಸುತ್ತಿದ್ದ ಬೆಳಕಿಗಾಗಿಯೇ ಅವರು ಕೃತಜ್ಞತೆ ಸಲ್ಲಿಸಿದರು.

1226ರ ಅಕ್ಟೋಬರ್ 3ರ ಸಂಜೆ ಅವರು ಕೊನೆಯುಸಿರೆಳೆದಾಗ, ಲಾರ್ಕ್ ಹಕ್ಕಿಗಳ ಗುಂಪು ಮನೆಯ ಮೇಲೆ ಸುತ್ತುತ್ತಾ ಹಾಡಿತೆಂದು ಆದಿ ಚರಿತ್ರಕಾರರು ಬರೆದಿದ್ದಾರೆ. 1228ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು; 1979ರಲ್ಲಿ ಜಗದ್ಗುರು ದ್ವಿತೀಯ ಜಾನ್ ಪಾಲರು ಅವರನ್ನು ಪರಿಸರದ ಪಾಲಕ ಸಂತರೆಂದು ಘೋಷಿಸಿದರು.

ನಮ್ಮ ಅಂಗಳಕ್ಕೂ ದಿನವೂ ಹಕ್ಕಿ ಬರುತ್ತದೆ. ನಾಳೆ ಬೆಳಗಿನ ಪ್ರಾರ್ಥನೆಯ ಬಳಿಕ ಮಕ್ಕಳೊಡನೆ ಬಾಗಿಲಲ್ಲಿ ನಿಂತು ಅದನ್ನು ನೋಡೋಣ. ಆ ಸಂತೋಷಕ್ಕೆ ನಾವು ಬೆಲೆ ತೆರಬೇಕಿಲ್ಲ. ಕೊಟ್ಟಾತನಿಗೆ ವಂದನೆ ಸಲ್ಲಿಸಿದರೆ ಸಾಕು.