ಕಿವಿ ನರದ ಗಡ್ಡೆಗೆ ದಾರಿ ತೋರಿಸಿದ ಡಾ. ಹಾರ್ವಿ ಕುಶಿಂಗ್

ಮಂಡಕಳ್ಳಿ (ಮೈಸೂರು): ಒಂದು ಕಿವಿ ಮಂದ ಆಯ್ತು ಅಂದ್ರೆ ನಮ್ಮ ಕಡೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳೋದಿಲ್ಲ. ಗುಗ್ಗೆ ಕಟ್ಟಿರಬೇಕು, ಶೀತ ಆಗಿರಬೇಕು, ವಯಸ್ಸಾಯ್ತು ಅಂತ ಸುಮ್ಮನಾಗ್ತಾರೆ. ಫೋನನ್ನು ಇನ್ನೊಂದು ಕಿವಿಗೆ ಹಿಡಿದರೆ ಕೆಲಸ ನಡೆಯುತ್ತೆ. ಹೆಚ್ಚಿನವರಲ್ಲಿ ಕಾರಣ ನಿಜಕ್ಕೂ ಸಣ್ಣದೇ ಇರುತ್ತೆ. ಆದರೆ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ, ಕಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಒಂದು ಗಡ್ಡೆ ಪತ್ತೆಯಾಗುತ್ತೆ. ಡಾಕ್ಟರುಗಳು ಇದನ್ನು ಅಕೌಸ್ಟಿಕ್ ನ್ಯೂರೋಮ ಅಂತಾರೆ. ಇದು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತೆ. ಬೆಳೆಯುವ ಜಾಗ ಮಾತ್ರ ಅಪಾಯದ್ದು.

ನೂರು ವರ್ಷದ ಹಿಂದೆ ಈ ಗಡ್ಡೆ ಅಂದ್ರೆ ಬಹುತೇಕ ಸಾವೇ. ಆ ಸ್ಥಿತಿಯನ್ನು ಬದಲಿಸಿದವರಲ್ಲಿ ಮೊದಲ ಹೆಸರು ಅಮೆರಿಕದ ಡಾ. ಹಾರ್ವಿ ಕುಶಿಂಗ್ ಅವರದು. ಇಂದು ಕಿವಿ ತೊಂದರೆಗೆ ಸರಿಯಾದ ಡಾಕ್ಟರನ್ನು ಹುಡುಕುವವರಿಗೂ ಅವರ ಜೀವನದಲ್ಲಿ ಕಲಿಯೋದಿದೆ.

ಲೆಕ್ಕ ಬರೆಯುವ ಹುಡುಗ

ಕುಶಿಂಗ್ ಹುಟ್ಟಿದ್ದು 1869ರ ಏಪ್ರಿಲ್ 8ರಂದು, ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಹತ್ತು ಮಕ್ಕಳಲ್ಲಿ ಕೊನೆಯವರು. ತಂದೆಯೂ ಡಾಕ್ಟರು. ಯೇಲ್‌ನಲ್ಲಿ ಪದವಿ ಮುಗಿಸಿ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿದರು. ವಿದ್ಯಾರ್ಥಿಯಾಗಿದ್ದಾಗ ಈಥರ್ ಕೊಟ್ಟು ರೋಗಿಯನ್ನು ಮಲಗಿಸುವ ಕೆಲಸ ಅವರ ಪಾಲಿಗೆ ಬರ್ತಿತ್ತು. ಹಾಗೆ ಈಥರ್ ಕೊಟ್ಟಾಗ ಒಬ್ಬ ರೋಗಿ ತೀರಿಹೋದರು. ಕುಶಿಂಗ್ ತುಂಬಾ ಕುಗ್ಗಿದರು. ಆಮೇಲೆ ಸಹಪಾಠಿ ಅರ್ನೆಸ್ಟ್ ಕಾಡ್‌ಮನ್ ಜೊತೆ ಸೇರಿ, ಆಪರೇಷನ್ ನಡೆಯುವಷ್ಟು ಹೊತ್ತೂ ನಾಡಿ ಮತ್ತು ಉಸಿರಾಟವನ್ನು ಹಾಳೆಯ ಮೇಲೆ ಗುರುತಿಸುವ ಪದ್ಧತಿ ಶುರು ಮಾಡಿದರು. ಈಗ ಪ್ರತಿ ಆಪರೇಷನ್ ಥಿಯೇಟರಿನಲ್ಲೂ ಇರುವ ಅರಿವಳಿಕೆ ಚಾರ್ಟಿನ ಮೂಲ ಅದು.

1896ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಸೇರಿದರು. ಅಲ್ಲಿ ವಿಲಿಯಂ ಹಾಲ್‌ಸ್ಟೆಡ್ ಅವರ ಕೈಕೆಳಗೆ, ಆತುರಪಡದೆ ರಕ್ತ ಸೋರದಂತೆ ಕೆಲಸ ಮಾಡೋದನ್ನು ಕಲಿತರು. 1901ರಲ್ಲಿ ಇಟಲಿಯ ಪಾವಿಯಾದಲ್ಲಿ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವ ಸಾಧನ ಕಂಡು, ಅದನ್ನು ಅಮೆರಿಕಕ್ಕೆ ತಂದರು. ಮೆದುಳಿನ ಆಪರೇಷನ್ನನ್ನೇ ಪೂರ್ಣಾವಧಿ ಕೆಲಸ ಮಾಡಿಕೊಂಡವರು ಆಗ ಬೆರಳೆಣಿಕೆಯಷ್ಟು. ಕುಶಿಂಗ್ ಅದನ್ನೇ ಹಿಡಿದರು. 1912ರಲ್ಲಿ ಬಾಸ್ಟನ್‌ಗೆ ಹೋಗಿ, ಹೊಸದಾಗಿ ಶುರುವಾಗ್ತಿದ್ದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯ ಮುಖ್ಯ ಸರ್ಜನ್ ಆದರು.

ಕಡಿಮೆ ತೆಗೆದು ಹೆಚ್ಚು ಉಳಿಸಿದರು

ಆ ಕಾಲದಲ್ಲಿ ಸ್ಕ್ಯಾನ್ ಇರಲಿಲ್ಲ. ಕಣ್ಣಿಗೆ ಮಂಜು ಕವಿದು, ತಡೆಯಲಾಗದ ತಲೆನೋವು ಬಂದ ಮೇಲೆ ರೋಗಿ ಬರ್ತಿದ್ದ. ಅಷ್ಟರಲ್ಲಿ ಗಡ್ಡೆ ದೊಡ್ಡದಾಗಿರ್ತಿತ್ತು. ಸರ್ಜನ್‌ಗಳು ಬೆರಳು ಹಾಕಿ ಗಡ್ಡೆಯನ್ನು ಕಿತ್ತು ತೆಗೀತಿದ್ದರು. ಪಕ್ಕದಲ್ಲೇ ಉಸಿರಾಟ ನಡೆಸುವ ಮೆದುಳಿನ ಕಾಂಡ, ಅದಕ್ಕೆ ರಕ್ತ ಕೊಡುವ ಸಣ್ಣ ನಾಳಗಳು. ಅವು ಹರಿದರೆ ಮುಗೀತು. ಆಪರೇಷನ್ ಆದ ಹತ್ತು ಜನರಲ್ಲಿ ಏಳೆಂಟು ಮಂದಿ ಉಳೀತಿರಲಿಲ್ಲ.

ಕುಶಿಂಗ್ ದಾರಿ ಬದಲಿಸಿದರು. ತಲೆಯ ಹಿಂಭಾಗದಲ್ಲಿ ಅಗಲವಾಗಿ ತೆರೆದು, ಗಡ್ಡೆಯ ಹೊರಚಿಪ್ಪನ್ನು ಮುಟ್ಟದೆ ಒಳಗಿನ ತಿರುಳನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ತೆಗೆದರು. ಒತ್ತಡ ಇಳೀತಿತ್ತು, ರೋಗಿ ಬದುಕ್ತಿದ್ದ. 1917ರಲ್ಲಿ ಶ್ರವಣ ನರದ ಗಡ್ಡೆಗಳ ಬಗ್ಗೆಯೇ ಒಂದು ಗ್ರಂಥ ಪ್ರಕಟಿಸಿದರು. ಸುಮಾರು 30 ರೋಗಿಗಳ ಕಥೆ ಅದರಲ್ಲಿದೆ. ಸತ್ತವರನ್ನೂ ಲೆಕ್ಕಕ್ಕೆ ಸೇರಿಸಿದ್ದರು. ಅವರ ಕೈಯಲ್ಲಿ ಸಾವು ಐದರಲ್ಲಿ ಒಬ್ಬರ ಮಟ್ಟಕ್ಕೆ ಇಳಿದಿತ್ತು.

ಆ ಗ್ರಂಥದ ಇನ್ನೊಂದು ದೊಡ್ಡ ವಿಷಯ ಅಂದ್ರೆ ಲಕ್ಷಣಗಳ ಕ್ರಮ. ಮೊದಲು ಒಂದೇ ಕಿವಿಯಲ್ಲಿ ತೊಂದರೆ. ಆಮೇಲೆ ತಲೆನೋವು, ನಡಿಗೆ ತಪ್ಪೋದು, ಮುಖ ಮರಗಟ್ಟೋದು. ಕೊನೆಗೆ ಕಣ್ಣಿಗೆ ಕುತ್ತು. ರೋಗಿಯ ಮಾತನ್ನು ತಾಳ್ಮೆಯಿಂದ ಕೇಳಿದರೆ, ಕಿವಿ ಮಂದವಾದ ಹಂತದಲ್ಲೇ ಈ ಗಡ್ಡೆಯನ್ನು ಅನುಮಾನಿಸಬಹುದು ಅನ್ನೋದು ಅದರಿಂದ ಗೊತ್ತಾಯ್ತು.

ಶಿಷ್ಯನ ಜೊತೆ ಜಗಳ, ಮಗನ ಸಾವು

ಆದರೆ ಉಳಿಸಿದ ಚಿಪ್ಪಿನಿಂದ ಗಡ್ಡೆ ಮತ್ತೆ ಬೆಳೀತಿತ್ತು. ಹಾಪ್‌ಕಿನ್ಸ್‌ನಲ್ಲಿ ಕುಶಿಂಗ್ ಕೈಕೆಳಗೆ ಕೆಲಸ ಮಾಡಿದ್ದ ವಾಲ್ಟರ್ ಡ್ಯಾಂಡಿ, ಗಡ್ಡೆಯನ್ನು ಪೂರ್ತಿ ತೆಗೆಯಬಹುದು ಅಂತ 1922ರಲ್ಲಿ ಬರೆದರು. ಗುರುವಿಗೆ ಕೋಪ ಬಂತು. ಮೊದಲೇ ಇದ್ದ ಮನಸ್ತಾಪ ಹೆಚ್ಚಾಯ್ತು. ಮುಂದೆ ವೈದ್ಯಲೋಕ ಪೂರ್ತಿ ತೆಗೆಯುವ ಗುರಿಯನ್ನು ಒಪ್ಪಿತು. ಆದರೂ ರೋಗಿಯನ್ನು ಜೀವಂತ ಮನೆಗೆ ಕಳಿಸಬಹುದು ಅಂತ ತೋರಿಸಿದ ಹೆಜ್ಜೆ ಕುಶಿಂಗ್ ಅವರದೇ.

ಅವರು ಕಿರಿಯರ ಮೇಲೆ ಗದರುವ, ಸುಲಭಕ್ಕೆ ಮೆಚ್ಚದ ಮನುಷ್ಯ. 1926ರ ಜೂನ್‌ನಲ್ಲಿ ಹಿರಿಯ ಮಗ ವಿಲಿಯಂ ಕಾರು ಅಪಘಾತದಲ್ಲಿ ತೀರಿಕೊಂಡ. ಸುದ್ದಿ ಬಂದ ದಿನವೂ ಕುಶಿಂಗ್ ಆಪರೇಷನ್ ಥಿಯೇಟರಿಗೆ ಹೋದರು. ಅದೇ ವರ್ಷ ಗುರು ವಿಲಿಯಂ ಆಸ್ಲರ್ ಅವರ ಜೀವನಚರಿತ್ರೆಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಅಕ್ಟೋಬರ್‌ನಲ್ಲಿ ಭೌತವಿಜ್ಞಾನಿ ಬೋವಿ ಅವರ ವಿದ್ಯುತ್ ಸಾಧನ ಬಳಸಿ, ರಕ್ತಸ್ರಾವದ ಭಯದಿಂದ ಕೈಬಿಟ್ಟಿದ್ದ ಗಡ್ಡೆಯನ್ನು ತೆಗೆದರು. 1931ರ ಹೊತ್ತಿಗೆ ಅವರ ಲೆಕ್ಕದಲ್ಲಿ 2,000 ಮೆದುಳು ಗಡ್ಡೆಗಳು ಸೇರಿದ್ದವು. 1939ರ ಅಕ್ಟೋಬರ್ 7ರಂದು ನಿಧನರಾದರು. ಶವಪರೀಕ್ಷೆಯಲ್ಲಿ ಅವರ ಮೆದುಳಿನಲ್ಲೇ ಒಂದು ಚಿಕ್ಕ ಗಡ್ಡೆ ಸಿಕ್ಕಿತು.

ಆ ವಿದ್ಯೆ ಭಾರತಕ್ಕೂ ಬಂತು. ಕುಶಿಂಗ್ ಬಳಿ ಕೆಲಸ ಕಲಿತವರಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಒಬ್ಬರು. ಪೆನ್‌ಫೀಲ್ಡ್ ಅವರ ಮಾಂಟ್ರಿಯಲ್ ಸಂಸ್ಥೆಯಲ್ಲಿ ತರಬೇತಿ ಪಡೆದ ಡಾ. ಜೇಕಬ್ ಚಾಂಡಿ, 1949ರಲ್ಲಿ ವೆಲ್ಲೂರಿನಲ್ಲಿ ದೇಶದ ಮೊದಲ ನರಶಸ್ತ್ರಚಿಕಿತ್ಸೆ ವಿಭಾಗ ಕಟ್ಟಿದರು.

ನಮ್ಮೂರಿನವರು ಏನು ಮಾಡಬೇಕು?

ಒಂದೇ ಕಿವಿ ಮಂದ ಆಗ್ತಿದ್ರೆ, ಒಂದೇ ಕಿವಿಯಲ್ಲಿ ಗುಂಯ್ ಅಂತ ಶಬ್ದ ನಿಲ್ಲದಿದ್ರೆ, ನಡೆಯುವಾಗ ತೂಗಾಡಿದಂತಾದ್ರೆ ಮೊದಲು ಇ.ಎನ್.ಟಿ. ಡಾಕ್ಟರನ್ನು ಕಾಣಬೇಕು. ಇದ್ದಕ್ಕಿದ್ದಂತೆ ಕಿವಿ ಕೇಳಿಸದೇ ಹೋದ್ರೆ ಅದೇ ದಿನ ಹೋಗಬೇಕು. ಶ್ರವಣ ಪರೀಕ್ಷೆಗೆ ಮಂಡಕಳ್ಳಿಯವರು ದೂರ ಹೋಗಬೇಕಿಲ್ಲ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಎರಡು ಕಿವಿಗೂ ವ್ಯತ್ಯಾಸ ಕಂಡ್ರೆ ಡಾಕ್ಟರು ಎಂಆರ್‌ಐ ಬರೆದುಕೊಡಬಹುದು. ಗಡ್ಡೆ ಇದೆಯೋ ಇಲ್ಲವೋ ಅಂತ ಖಚಿತವಾಗಿ ಹೇಳೋದು ಅದೇ.

ಗಡ್ಡೆ ಸಿಕ್ಕಿತು ಅಂದ ತಕ್ಷಣ ಆಪರೇಷನ್ ಅಂತಲ್ಲ. ಚಿಕ್ಕದಾಗಿದ್ರೆ ಕಾಲಕಾಲಕ್ಕೆ ಸ್ಕ್ಯಾನ್ ಮಾಡಿಸಿ ನೋಡ್ತಾ ಇರಬಹುದು. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1969ರಲ್ಲಿ ಇದೇ ಗಡ್ಡೆಗೆ ಬಳಸಿದ ಗಾಮಾ ನೈಫ್ ಅನ್ನುವ ವಿಕಿರಣ ಚಿಕಿತ್ಸೆ ಇನ್ನೊಂದು ದಾರಿ. ಅದರಿಂದ ಗಡ್ಡೆ ಮಾಯವಾಗಲ್ಲ, ಬೆಳವಣಿಗೆ ನಿಲ್ಲುತ್ತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯ ಇದೆ. ಗಡ್ಡೆ ದೊಡ್ಡದಾಗಿ ಮೆದುಳಿನ ಕಾಂಡವನ್ನು ಒತ್ತುತ್ತಿದ್ರೆ ಆಪರೇಷನ್ನೇ ಬೇಕು. ಮುಖ ಆಡಿಸುವ ನರ ಗಡ್ಡೆಗೆ ಅಂಟಿಕೊಂಡೇ ಹೋಗುವುದರಿಂದ ಬಾಯಿ ಸೊಟ್ಟಗಾಗುವ, ಕಣ್ಣು ಮುಚ್ಚಲಾಗದಿರುವ ಅಪಾಯ ಇರುತ್ತೆ.

ಹಾಗಾಗಿ ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಈ ಗಡ್ಡೆಯ ಆಪರೇಷನ್ ವರ್ಷಕ್ಕೆ ಎಷ್ಟು ಮಾಡ್ತೀರಿ? ಅವರಲ್ಲಿ ಎಷ್ಟು ಜನರ ಮುಖ ಸರಿಯಾಗಿ ಉಳೀತು? ನನ್ನ ಕಿವಿ ಉಳಿಯುತ್ತಾ? ಆರು ತಿಂಗಳು ಕಾದರೆ ಏನಾಗುತ್ತೆ? ಆಪರೇಷನ್ ಮಾಡುವವರನ್ನೂ ವಿಕಿರಣ ಕೊಡುವವರನ್ನೂ ಇಬ್ಬರನ್ನೂ ಕಂಡು ಆಮೇಲೆ ತೀರ್ಮಾನ ಮಾಡೋದು ಒಳ್ಳೇದು. ನಿಧಾನವಾಗಿ ಬೆಳೆಯುವ ಗಡ್ಡೆಯಾದ್ದರಿಂದ ಬಹುತೇಕರಿಗೆ ಅಷ್ಟು ಸಮಯ ಇದ್ದೇ ಇರುತ್ತೆ. ತಮ್ಮ ಕೈಯಲ್ಲಿ ಸತ್ತವರ ಲೆಕ್ಕವನ್ನೂ ಕುಶಿಂಗ್ 1917ರಲ್ಲೇ ಅಚ್ಚು ಹಾಕಿಸಿದ್ದರು. ಇವತ್ತು ರೋಗಿಯ ಮನೆಯವರು ಆ ಲೆಕ್ಕ ಕೇಳಿದ್ರೆ ತಪ್ಪೇನಿಲ್ಲ.