ಮೆಲ್ಬರ್ನ್‌ನಲ್ಲಿ ಮಿಂಚಿದ ತಂಡದ ರೈಟ್ ಹಾಫ್: ಬೆಂಗಳೂರಿನ ಕೆಂಪಯ್ಯ

ಪುಣೆ: 2018ರ ಮಾರ್ಚ್‌ನಲ್ಲಿ ಇಲ್ಲಿನ ಬಾಲೆವಾಡಿ ಕ್ರೀಡಾಂಗಣದಲ್ಲಿ ನಡೆದ ಐಎಸ್‌ಎಲ್ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಪುಣೆ ಸಿಟಿ ತಂಡಗಳು ಒಂದೂ ಗೋಲಿಲ್ಲದೆ ಸಮ ಮಾಡಿಕೊಂಡವು. ಮುಂದಿನ ಪಂದ್ಯದಲ್ಲಿ ಸುನಿಲ್ ಛೆಟ್ರಿ ಬೆಂಗಳೂರಿಗೆ ಮೂರು ಗೋಲು ತಂದುಕೊಟ್ಟದ್ದು ಎಲ್ಲರಿಗೂ ನೆನಪಿದೆ. ಬಾಲೆವಾಡಿಯಲ್ಲಿ ಗೋಲು ಬಿಡದೆ ಕಾದವರ ಹೆಸರು ಕೇಳಿದರೆ ಅಭಿಮಾನಿಗಳೂ ತಡವರಿಸುತ್ತಾರೆ. ಹಿಂದಿನ ಸಾಲಿನ ಆಟಗಾರರ ಹಣೆಬರಹವೇ ಅಷ್ಟು. ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೇರಿದ ಭಾರತ ತಂಡದ ರೈಟ್ ಹಾಫ್, ಬೆಂಗಳೂರಿನ ಮರಿಯಪ್ಪ ಕೆಂಪಯ್ಯ ಅವರ ಕಥೆಯೂ ಇದಕ್ಕಿಂತ ಭಿನ್ನವಲ್ಲ.

ಪುಣೆಯ ಕ್ಯಾಂಪ್, ಖಡಕಿಗಳಂತೆ ಬೆಂಗಳೂರಿನ ದಂಡು ಪ್ರದೇಶಕ್ಕೂ ಫುಟ್‌ಬಾಲ್ ಬಂದದ್ದು ಬ್ರಿಟಿಷ್ ಪಲ್ಟನ್‌ಗಳ ಜತೆಗೆ. ಸೋಲ್ಜರ್‌ಗಳ ಆಟ ನೋಡುತ್ತಾ ಬೆಳೆದ ಹುಡುಗರು ಬಲುಬೇಗ ಅವರನ್ನೇ ಮೀರಿಸಿದರು. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದು, ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ ತಂಡವೆನಿಸಿದ್ದು ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ರಾಮನ್ ಬೆಂಗಳೂರಿನವರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10-1ರಿಂದ ಭಾರತವನ್ನು ಸದೆಬಡಿದಾಗ ಆ ಒಂದು ಗೋಲು ಬಾರಿಸಿದ ಅಹ್ಮದ್ ಖಾನ್ ಕೂಡ ಅದೇ ಊರಿನವರು. ಅಲ್ಲಿಯವರೆಗೆ ನಮ್ಮವರಲ್ಲಿ ಹಲವರು ಬರಿಗಾಲಲ್ಲೇ ಆಡುತ್ತಿದ್ದರು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಕೆಂಪಯ್ಯ ಭಾರತ ತಂಡಕ್ಕೆ ಬಂದದ್ದು ಈ ಬೂಟಿನ ಕಾಲದಲ್ಲಿ.

ಹಾಫ್‌ಬ್ಯಾಕ್ ಎಂದರೆ ಇಂದಿನ ಮಕ್ಕಳಿಗೆ ಅರ್ಥವಾಗುವುದು ಕಷ್ಟ. ಹಿಂದೆ ಇಬ್ಬರು ಬ್ಯಾಕ್‌ಗಳು, ಅವರ ಮುಂದೆ ಮೂವರು ಹಾಫ್‌ಗಳು, ಅವರ ಮುಂದೆ ಐವರು ಫಾರ್ವರ್ಡ್‌ಗಳು, ಇದು ಆಗಿನ ಹಳೆಯ ಪದ್ಧತಿ. ಎದುರಾಳಿಯ ಮುನ್ನುಗ್ಗುವ ಆಟಗಾರನನ್ನು ತಡೆದು ಚೆಂಡು ಕಿತ್ತುಕೊಳ್ಳುವುದೂ, ಅದನ್ನು ತಮ್ಮ ಫಾರ್ವರ್ಡ್‌ಗೆ ಮುಟ್ಟಿಸುವುದೂ ಹಾಫ್‌ನದೇ ಕೆಲಸ. ಎರಡು ಪಾಳಿಯ ದುಡಿಮೆ, ಆದರೆ ಗೋಲಿನ ಪಟ್ಟಿಯಲ್ಲಿ ಹೆಸರಿಲ್ಲ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಕೋಚ್. ಕೆಂಪಯ್ಯ, ಸಲಾಂ, ನೂರ್ ಮುಹಮ್ಮದ್ ಅವರದು ಹಾಫ್‌ಗಳ ಸಾಲು. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯವನ್ನು ಭಾರತ 4-2ರಿಂದ ಸೋಲಿಸಿತು. ಮುಂಬಯಿಯ ನೆವಿಲ್ ಡಿ'ಸೋಜಾ ಮೂರು ಗೋಲು ಹೊಡೆದು, ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯನ್ ಎನಿಸಿದರು. ಏಷ್ಯಾದ ಯಾವ ದೇಶವೂ ಅದುವರೆಗೆ ಒಲಿಂಪಿಕ್ಸ್ ಫುಟ್‌ಬಾಲ್‌ನ ಸೆಮಿಫೈನಲ್ ಕಂಡಿರಲಿಲ್ಲ. ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯ. ವಿರಾಮದ ಬಳಿಕ ನೆವಿಲ್ ಭಾರತಕ್ಕೆ ಮುನ್ನಡೆಯನ್ನೂ ತಂದರು. ಅದು ಉಳಿದದ್ದು ಎರಡೇ ನಿಮಿಷ. ಪಂದ್ಯ 1-4, ಕಂಚಿನ ಪಂದ್ಯ ಬಲ್ಗೇರಿಯ ಎದುರು 0-3. ನಾಲ್ಕೇ ವರ್ಷಗಳ ಹಿಂದೆ ಹತ್ತು ಗೋಲು ತಿಂದಿದ್ದ ತಂಡ ಇದು ಎಂಬುದನ್ನು ಮರೆಯುವಂತಿಲ್ಲ.

ಬೆಂಗಳೂರಿನಲ್ಲಿ ಆಟವಿತ್ತು, ಆಟಗಾರನ ಹೊಟ್ಟೆ ತುಂಬಿಸುವ ದೊಡ್ಡ ಕ್ಲಬ್ ಇರಲಿಲ್ಲ. ಹೋಟೆಲು, ಕಾರ್ಖಾನೆಗಳ ಕೆಲಸ ಹುಡುಕಿ ಕನ್ನಡಿಗರು ಪುಣೆ, ಮುಂಬಯಿಗೆ ಬಂದಂತೆ ಫುಟ್‌ಬಾಲಿಗರು ಕೋಲ್ಕತ್ತದ ರೈಲು ಹತ್ತುತ್ತಿದ್ದರು. ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರೆ, ಕೆಂಪಯ್ಯ ಮೋಹನ್ ಬಾಗಾನ್‌ನಲ್ಲಿ ನೆಲೆಯೂರಿದರು. ಚುನಿ ಗೋಸ್ವಾಮಿ ಮುಂದೆ, ಜರ್ನೈಲ್ ಸಿಂಗ್ ಹಿಂದೆ, ನಡುವೆ ಈ ಕನ್ನಡಿಗ. ಆ ವರ್ಷಗಳಲ್ಲಿ ಕ್ಲಬ್ 1959ರ ಡ್ಯುರಾಂಡ್ ಕಪ್ ಗೆದ್ದು, 1960ರಲ್ಲಿ ಅದನ್ನು ಈಸ್ಟ್ ಬೆಂಗಾಲ್ ಜತೆ ಹಂಚಿಕೊಂಡಿತು. ಇಂದು ಆಟಗಾರರಿಗೆ ಸಿಗುವ ಕೋಟಿಗಳ ಲೆಕ್ಕ ಆಗ ಯಾರ ಕನಸಿನಲ್ಲೂ ಇರಲಿಲ್ಲ ಬಿಡಿ.

1960ರ ರೋಮ್ ಒಲಿಂಪಿಕ್ಸ್ ತಂಡದಲ್ಲೂ ಕೆಂಪಯ್ಯ ಇದ್ದರು. ಭಾರತ ಹಂಗರಿಗೆ 1-2ರಿಂದ ಸೋತು, ಫ್ರಾನ್ಸ್ ಜತೆ 1-1ರ ಸಮ ಮಾಡಿಕೊಂಡು, ಪೆರು ಎದುರು 1-3ರಿಂದ ಸೋತು ಮನೆಗೆ ಮರಳಿತು. ಆಮೇಲೆ ಒಲಿಂಪಿಕ್ಸ್ ಫುಟ್‌ಬಾಲ್‌ಗೆ ಭಾರತ ಮತ್ತೆ ಕಾಲಿಟ್ಟಿಲ್ಲ.

ಹಳೆಯ ದಾಖಲೆಗಳಲ್ಲಿ ಅವರ ಹೆಸರು ಇಂಗ್ಲಿಷಿನ ಬಾಯಿಗೆ ಸಿಕ್ಕಿ ಕೆಲವೆಡೆ ಕೆಂಪಿಯಾ ಎಂದಾಗಿದೆ. ಚುನಿ, ಪಿ.ಕೆ., ಬಲರಾಂ ಎಂಬ ಹೆಸರುಗಳ ನಡುವೆ ಅದನ್ನು ಓದಿದವರಿಗೆ ಈತ ಬೆಂಗಳೂರಿನ ಕನ್ನಡಿಗನೆಂದು ಹೊಳೆಯುವುದು ಅಪರೂಪವೇ.