ಕಡಲನ್ನು ಮನೆಯೊಳಗೆ ತಂದ ಗಾಸ್

ಮಕ್ಕಳೇ, ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕಿರುವುದನ್ನು ನೀವು ನೋಡಿರಬಹುದು. ನೀರು ಕೊಳೆಯಾದರೆ ಸ್ವಲ್ಪ ತೆಗೆದು ಹೊಸ ನೀರು ತುಂಬುತ್ತಾರೆ. ಆದರೆ ತೊಟ್ಟಿಯಲ್ಲಿರುವುದು ಕಡಲಿನ ಮೀನಾದರೆ? ಬಾವಿಯ ನೀರು ಅದಕ್ಕೆ ಆಗದು. ದಿನವೂ ಕಡಲಿನಿಂದ ನೀರು ಹೊತ್ತು ತರುವವರು ಯಾರು? ಈ ತೊಡಕನ್ನು ಬಿಡಿಸಲು ಹೆಣಗಿದವರಲ್ಲಿ ಒಬ್ಬರು ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್.

ಗಾಸ್ ಹುಟ್ಟಿದ್ದು 1810ರ ಏಪ್ರಿಲ್ 6ರಂದು. ತಂದೆ ಊರೂರು ಅಲೆದು ಜನರ ಪುಟ್ಟ ಭಾವಚಿತ್ರಗಳನ್ನು ಬರೆಯುತ್ತಿದ್ದರು. ಸಂಪಾದನೆ ಅಷ್ಟಕ್ಕಷ್ಟೆ. ಹುಡುಗ ಬೆಳೆದದ್ದು ಪೂಲ್ ಎಂಬ ಬಂದರಿನಲ್ಲಿ. ಅಲ್ಲಿದ್ದ ಸೋದರತ್ತೆಗೆ ಪ್ರಾಣಿಗಳೆಂದರೆ ಬಲು ಆಸಕ್ತಿ. ಆ ಗುಣ ಇವನಿಗೂ ಅಂಟಿತು. 17ನೆಯ ವಯಸ್ಸಿಗೆ ಹಡಗು ಹತ್ತಿ ನ್ಯೂಫೌಂಡ್‌ಲ್ಯಾಂಡಿಗೆ ಹೋಗಿ ಗುಮಾಸ್ತನಾದ. ಆಮೇಲೆ ಕೆನಡಾದಲ್ಲಿ ಬೇಸಾಯ ಮಾಡಿದ, ಕೈಹತ್ತಲಿಲ್ಲ. ಅಮೆರಿಕದ ಅಲಬಾಮಾದಲ್ಲಿ ಕೆಲವು ತಿಂಗಳು ಶಾಲಾಮಾಸ್ತರನಾಗಿದ್ದು 1839ರಲ್ಲಿ ಬರಿಗೈಯಲ್ಲಿ ಊರಿಗೆ ಮರಳಿದ. ಬರಿಗೈ ಎಂದರೆ ಹಣದ ಲೆಕ್ಕದಲ್ಲಿ ಮಾತ್ರ. ಹೋದಲ್ಲೆಲ್ಲ ನೋಡಿದ ಕೀಟಗಳ ಚಿತ್ರ, ವಿವರ ಎಲ್ಲವೂ ಜೊತೆಯಲ್ಲಿದ್ದವು. ಅವೇ ಮುಂದೆ ಅವರನ್ನು ಹೆಸರಾಂತ ಲೇಖಕರನ್ನಾಗಿ ಮಾಡಿದವು.

1852ರಲ್ಲಿ ಆರೋಗ್ಯ ಕೆಟ್ಟು, ಹೆಂಡತಿ ಎಮಿಲಿ ಮತ್ತು ಪುಟ್ಟ ಮಗನೊಡನೆ ಗಾಸ್ ಡೆವನ್ ಕರಾವಳಿಗೆ ಬಂದರು. ಅಲ್ಲಿ ಕಡಲು ಇಳಿದಾಗ ಬಂಡೆಗಳ ನಡುವೆ ನೀರು ನಿಂತು ಸಣ್ಣ ಸಣ್ಣ ಕೊಳಗಳಾಗುತ್ತವೆ. ಅವುಗಳಲ್ಲಿ ಏಡಿ, ಸೀಗಡಿ, ಹೂವಿನಂತೆ ಅರಳುವ ಸೀ ಅನಿಮೋನ್ ಎಂಬ ಪ್ರಾಣಿ! ಇವನ್ನು ಮನೆಗೆ ತಂದು ಪಾತ್ರೆಯಲ್ಲಿ ಇಟ್ಟರೆ, ನೀರು ಬದಲಿಸುತ್ತಿರದಿದ್ದರೆ, ಬೇಗನೆ ಸಾಯುತ್ತಿದ್ದವು.

ಏಕೆ ಗೊತ್ತೆ? ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೇ ಅವು ಉಸಿರಾಡುತ್ತವೆ. ಅದು ಮುಗಿದರೆ ಉಸಿರು ಕಟ್ಟುತ್ತದೆ. ಜೊತೆಗೆ ಅವು ಹೊರಹಾಕುವ ಅಮೋನಿಯ ಅವಕ್ಕೇ ವಿಷ. ಸಿಹಿನೀರಿನಲ್ಲಿ ಮೀನಿನ ಜೊತೆ ಗಿಡ ಬೆಳೆಸಿದರೆ ನೀರು ಕೆಡುವುದಿಲ್ಲವೆಂದು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ 1850ರಲ್ಲಿ ತೋರಿಸಿದ್ದರು. ಗಾಸ್ ಕಡಲಪಾಚಿಯಿಂದ ಅದೇ ಕೆಲಸ ಮಾಡಿಸಿದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆದಾಗ ಅದಕ್ಕೆ ಕಡಲ ಜೀವಿಗಳನ್ನು ಒದಗಿಸಿದವರಲ್ಲಿ ಅವರೂ ಒಬ್ಬರು. ಮರುವರ್ಷ ಅವರು ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಪದ ಮನೆಮಾತಾಯಿತು. ಕಡಲು ದೂರವಿದ್ದವರಿಗಾಗಿ ಅಡುಗೆ ಉಪ್ಪೂ ಸೇರಿ ನಾಲ್ಕು ಬಗೆಯ ಲವಣ ಬೆರೆಸಿ ಕಡಲನೀರು ತಯಾರಿಸುವ ವಿಧಾನವನ್ನೂ ಕೊಟ್ಟರು.

ಆದರೂ ಒಂದು ಕಷ್ಟ ಉಳಿಯಿತು. ಬೆಳಕು ಹೆಚ್ಚಾದರೆ ನೀರೆಲ್ಲ ಹಸಿರು. ಕಡಿಮೆಯಾದರೆ ಪಾಚಿಯೇ ಸಾಯುವುದು. ಇದಕ್ಕೆ ದಾರಿ ಕಂಡವರು ವಿಲಿಯಂ ಆಲ್ಫರ್ಡ್ ಲಾಯ್ಡ್. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ 1871ರಲ್ಲಿ ತೆರೆದ ಅಕ್ವೇರಿಯಂನಲ್ಲಿ, ಮೀನಿನ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಕತ್ತಲೆ ತೊಟ್ಟಿಯನ್ನು ಅವರು ಕೆಳಗೆ ಕಟ್ಟಿಸಿದರು. ಉಗಿಯಂತ್ರದ ಪಂಪು ನೀರನ್ನು ಮೇಲೆ ಕಳಿಸುವುದು, ಅದು ಹರಿದು ಮತ್ತೆ ಕೆಳಗೆ ಬರುವುದು. ಕತ್ತಲಲ್ಲಿ ಹಸಿರು ಬೆಳೆಯದು, ಹರಿವಾಗ ಗಾಳಿಯೂ ಬೆರೆಯುತ್ತದೆ.

ಇಂದು ಮನೆಗಳಲ್ಲಿ ಕಡಲ ಮೀನು ಸಾಕುವವರೂ ತೊಟ್ಟಿಯ ಕೆಳಗೆ ಇಂಥದೇ ಸಣ್ಣ ತೊಟ್ಟಿ ಇಡುತ್ತಾರೆ. ಹೆಸರು ಸಂಪು. ಹೌದು, ಮನೆಗಳಲ್ಲಿ ನೀರು ತುಂಬಿಡುವ ಸಂಪಿನ ಹೆಸರೇ! ಮೇಲಿನ ತೊಟ್ಟಿ ತುಂಬಿ ಸುರಿದ ನೀರು ಮೊದಲು ಸ್ಪಂಜಿನ ಮೂಲಕ ಇಳಿಯುತ್ತದೆ. ಕಸ ಅಲ್ಲೇ ನಿಲ್ಲುತ್ತದೆ. ಮುಂದಿನ ಖಾನೆಯಲ್ಲಿ ತೂತುತೂತಾದ ಕಲ್ಲುಗಳು. ಅವುಗಳ ಮೇಲೆ ನೆಲೆಸಿದ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ಅಷ್ಟೊಂದು ವಿಷವಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಕೊನೆಯ ಖಾನೆಯ ಪಂಪು ನೀರನ್ನು ಮೇಲಕ್ಕೆ ಕಳಿಸುತ್ತದೆ. ಕರೆಂಟು ಹೋದರೆ? ಪಂಪು ನಿಂತರೂ ಮೇಲಿನ ನೀರು ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಸಂಪನ್ನು ತುಂಬಾ ತುಂಬಿಸದೆ ಅಷ್ಟು ನೀರಿಗೆ ಜಾಗ ಬಿಟ್ಟಿರಬೇಕು. ಇಲ್ಲದಿದ್ದರೆ ಮನೆಯ ನೆಲವೆಲ್ಲ ಉಪ್ಪುನೀರು!

ಗಾಸ್ ಅವರ ಪುಸ್ತಕ ಓದಿದ ಜನ ಸುಮ್ಮನಿರಲಿಲ್ಲ. ಬುಟ್ಟಿ, ಜಾಡಿ ಹಿಡಿದು ಡೆವನ್ ಕರಾವಳಿಗೆ ಮುಗಿಬಿದ್ದರು. ಬಂಡೆಯ ಕೊಳಗಳಿಂದ ಸಿಕ್ಕಿದ್ದನ್ನೆಲ್ಲ ಬಾಚಿದರು. ಮನೆಗೆ ಒಯ್ದವುಗಳಲ್ಲಿ ಎಷ್ಟೋ ಸತ್ತವು, ಮತ್ತೆ ಬಂದು ಇನ್ನಷ್ಟು ಒಯ್ದರು. 1857ರಲ್ಲಿ ಎಮಿಲಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಗಾಸ್ ಮಗನೊಡನೆ ಆ ಕರಾವಳಿಯಲ್ಲೇ ನೆಲೆಸಿ, ಬ್ರಿಟನ್ನಿನ ಸೀ ಅನಿಮೋನ್‌ಗಳ ಬಗ್ಗೆ ದೊಡ್ಡ ಗ್ರಂಥ ಬರೆದರು. ಆದರೆ ತಾವು ಪ್ರೀತಿಸಿದ ಕೊಳಗಳು ಬರಿದಾಗುವುದನ್ನೂ ಅವರು ಅಲ್ಲೇ ಕಣ್ಣಾರೆ ಕಂಡರು. ತಮ್ಮ ಪುಸ್ತಕಗಳೇ ಅದಕ್ಕೆ ಕಾರಣವಾದವೆಂಬ ನೋವು ಅವರನ್ನು ಬಿಡಲಿಲ್ಲ.

ಗಾಸ್ 1888ರ ಆಗಸ್ಟ್ 23ರಂದು ತೀರಿಕೊಂಡರು. ತಂದೆಯ ಜೊತೆ ಕೊಳಗಳಲ್ಲಿ ಬಗ್ಗಿ ನೋಡಿದ್ದ ಮಗ ಎಡ್ಮಂಡ್ ಮುಂದೆ ದೊಡ್ಡ ಸಾಹಿತಿಯಾದರು. ಬಾಲ್ಯದಲ್ಲಿ ಕಂಡ ಆ ಜೀವಿಗಳು ಈಗ ಅಲ್ಲಿಲ್ಲವೆಂದು 1907ರ ತಮ್ಮ ಪುಸ್ತಕದಲ್ಲಿ ಅವರು ಬರೆದಿಟ್ಟರು.